ಉಡಿ ತುಂಬ ಹಕ್ಕರಕಿ

ಮುನವಳ್ಳಿಯ ದವಾಖಾನೆಯಲ್ಲಿ ನರ್ಸಬಾಯಿ ನನ್ನ ಮಗಳ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿ, "ರಕ್ತ ಭಾಳ ಕಡಿಮಿ ಐತ್ರಿ. ದಾಳಿಂಬ್ರ ಕೊಡ್ರಿ, ಉತ್ತತ್ತಿ ಕೊಡ್ರಿ, ತಪ್ಪಲ ಪಲ್ಲೆ ಕೊಡ್ರಿ. ಬರೂ ತಿಂಗಳ ಮತ್ತ ನೋಡೂಣು. ಏರಲಿಲ್ಲಂದ್ರ ಬೆಳಗಾವಿಗೆ ಒಯ್ಯಬೇಕಾಕೈತಿ," ಎಂದಳು. ಹಿತ್ತಲಲ್ಲೇ ದಾಳಿಂಬೆ ತೂಗುತ್ತಿವೆಯೇನೋ ಎಂಬಂತೆ ನಾನೂ ತಲೆಯಾಡಿಸಿ ಬಂದೆ. ಗುಳಿಗೆ ನುಂಗಿದರೆ ಹುಡುಗಿ ಕಾರಿಕೊಳ್ಳುತ್ತಿದ್ದಳು. ನನ್ನ ಕೈಗೆ ಎಟುಕುವುದು ಸೊಪ್ಪೊಂದೇ ಆಗಿತ್ತು.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಕಂಡವರ ಹೊಲದಲ್ಲಿ ಕಳೆ ತೆಗೆದು ಬದುಕು. ಆದರೂ ಊಟಕ್ಕೆ ಕೊರತೆ ಮಾಡಿದವಳಲ್ಲ ನಾನು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ನೆನೆಸಿದ ಹೆಸರುಕಾಳು, ಹಂಗಾಮಿನಲ್ಲಿ ಹಕ್ಕರಕಿ ಸೊಪ್ಪು. ಅದನ್ನು ಯಾರೂ ಬಿತ್ತುವುದಿಲ್ಲ, ಬೆಳೆಯ ನಡುವೆ ಕಳೆಯಾಗಿ ತಾನೇ ಹುಟ್ಟುತ್ತದೆ. ಬೇಯಿಸುವುದೂ ಇಲ್ಲ, ಮಣ್ಣು ಝಾಡಿಸಿ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುತ್ತೇವೆ. ಕಳೆ ತೆಗೆಯಲು ಹೋದ ಹೆಂಗಸರು ಸಂಜೆ ಅದನ್ನು ಉಡಿ ತುಂಬಿಕೊಂಡು ಬಂದರೆ ನಮ್ಮ ಕಡೆ ಯಾರೂ ಬೇಡ ಅನ್ನುವುದಿಲ್ಲ. ನಾನು ಹೊಸ್ತಿಲು ದಾಟುವ ಮೊದಲೇ ಮಗಳು ಉಡಿಗೆ ಕೈ ಹಾಕುತ್ತಿದ್ದಳು. "ನನ್ನ ಹೊಟ್ಟ್ಯಾಗ ಆಡು ಹುಟ್ಟೈತಿ," ಎಂದು ನಗುತ್ತಿದ್ದೆ.

ಈ ವರ್ಷ ಎಲ್ಲರೂ ಕಳೆ ಸಾಯಲೆಂದು ವಿಷದ ಎಣ್ಣೆ ಹೊಡೆಸಿದರು. ಬೆನ್ನಿಗೆ ಪಂಪು ಕಟ್ಟಿಕೊಂಡ ಒಬ್ಬ ಗಂಡಾಳು ಅರ್ಧ ದಿನದಲ್ಲಿ ನಮ್ಮೆಲ್ಲರ ವಾರದ ಕೆಲಸ ಮುಗಿಸಿಬಿಡುತ್ತಾನೆ. ಕೂಲಿ ಹೋಯಿತು, ಸೊಪ್ಪೂ ಹೋಯಿತು. ಮಗಳು ನೀರಿನ ಕೊಡ ಎತ್ತಿದರೂ ಏದುಸಿರು ಬಿಡುತ್ತಿದ್ದಳು. ನನಗೆ ತಲೆ ಕೆಟ್ಟುಹೋಗಿತ್ತು.

ನರ್ಸಬಾಯಿ ಹೇಳಿದ ತಿಂಗಳು ತುಂಬಲು ಹತ್ತು ದಿನವಿತ್ತು. ಕಾಲುವೆ ದಂಡೆಯ ಗೋವಿನಜೋಳದ ಹೊಲದಲ್ಲಿ ಹಕ್ಕರಕಿ ಹಚ್ಚಗೆ ಹರಡಿದ್ದು ಕಂಡಿತು. ಎಣ್ಣೆ ಬಿದ್ದಿದ್ದರೆ ಹಳದಿ ತಿರುಗಿರಬೇಕಿತ್ತು, ಜನ್ಮವೆಲ್ಲ ಕಳೆ ಕಿತ್ತವಳಿಗೆ ಅಷ್ಟೂ ಗೊತ್ತಾಗದೇ ಎಂದುಕೊಂಡು ಉಡಿ ತುಂಬಿಕೊಂಡೆ. ಹೊರಳುವಷ್ಟರಲ್ಲಿ ಹೊಲದ ಯಜಮಾನ ಬದುವಿನಿಂದ ಕೂಗಿದ.

"ಏ ತಂಗಿ, ಚೆಲ್ಲವಾ ಅದನ್ನ! ಮುಂಜಾನೆನ ಎಣ್ಣಿ ಹೊಡಿಸೇನಿ. ಹಳದಿ ಆಗಾಕ ಇನ್ನೂ ನಾಕ್ ದಿನ ಬೇಕು."

ಚೆಲ್ಲಬೇಕಿತ್ತು. ಚೆಲ್ಲಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಮನೆಗೆ ತಂದು ಉಪ್ಪುನೀರಿನಲ್ಲಿ ಮೂರು ಸಲ ತೊಳೆದೆ. ಮೂಸಿ ನೋಡಿದೆ. ಮತ್ತೆ ತೊಳೆದೆ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಹಕ್ಕರಕಿ ಇಷ್ಟು ತೊಳೆದದ್ದನ್ನು ಅವಳು ಎಂದೂ ಕಂಡವಳಲ್ಲ.

"ಯಾಕ ಬೇ, ಎಣ್ಣಿ ಬಿದ್ದೈತೇನು?"

ಬುಟ್ಟಿ ಎತ್ತಿಕೊಂಡು ಹೋಗಿ ಗಟಾರಕ್ಕೆ ಸುರಿದೆ. ಒಳಗೆ ಬಂದು ರೊಟ್ಟಿಯ ಮೇಲೆ ಬರೀ ಚಟ್ನಿ ಹಾಕಿ ಅವಳ ಮುಂದಿಟ್ಟೆ.

ಅವಳು ರೊಟ್ಟಿ ಮುರಿಯುತ್ತ, "ಇರಲಿ ಬಿಡ ಬೇ," ಎಂದಳು. "ನನಗ ಹಕ್ಕರಕಿ ಮೊದಲಿಂದನೂ ಸೇರೂದಿಲ್ಲ."