ಸಮುದ್ರ ಅಳೆದವರು ನಾವು

ಹೋದ ರವಿವಾರ ಹುಮನಾಬಾದಿನ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಮೂವರಿದ್ದೆವು: ಅಂಗಡಿಯ ಖಾಜಾಭಾಯಿ, ಬಸವಕಲ್ಯಾಣದ ನಮ್ಮ ಬೀಗರು, ಮತ್ತು ನಾನು. ಸಮುದ್ರದ ಮೀನು ಹೇರಿದ ಟೆಂಪೊ ಒಂದು ಮಂಜುಗಡ್ಡೆಯ ನೀರು ಸುರಿಸುತ್ತ ಹಾದುಹೋಯಿತು. ಬೀಗರು ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಎದೆ ತುಂಬ ಆ ವಾಸನೆ ಎಳೆದುಕೊಂಡೆ.

"ಅತ್ತರೇನ್ರೀ ಅದು, ಹಂಗ ಮೂಸಾಕತ್ತೀರಿ?" ಎಂದರು ಬೀಗರು. "ಸಮುದ್ರದಾಗ ರೇಡಿಯೇಷನ್ ಅದಂತ. ಮೊಬೈಲಿನಾಗ ಬಂದದ."

"ಎಷ್ಟು ಅದಂತ್ರೀ?"

"ಎಷ್ಟಂದ್ರ? ಅದ, ಅಷ್ಟೇ!"

ಆ 'ಎಷ್ಟು' ಎಂಬ ಒಂದೇ ಪ್ರಶ್ನೆಗೆ ನನ್ನ ಆಯುಷ್ಯದ ಇಪ್ಪತ್ತೆರಡು ವರ್ಷ ಸಂದಿವೆ ಎಂದರೆ ನೀವೂ ನಂಬಲಿಕ್ಕಿಲ್ಲ. ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಲ್ಲಿ ಹುಟ್ಟಿ, ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡು ಬೆಳೆದವನು ನಾನು. ಸಮುದ್ರದಲ್ಲಿ ರೇಡಿಯೇಷನ್ ಎಷ್ಟಿದೆ ಎಂದು ಅಳೆಯುವ, ಕರಾವಳಿಯ ಒಂದು ಚಿಕ್ಕ ಪ್ರಯೋಗಾಲಯದಲ್ಲಿ ಸಹಾಯಕನ ನೌಕರಿ ಸಿಕ್ಕಿತು. ದೋಣಿಯಲ್ಲಿ ಹೋಗಿ ನೀರು ತುಂಬಿ ತರುವುದು, ಪ್ಲಾಸ್ಟಿಕ್ ಡ್ರಮ್ಮು ತೊಳೆಯುವುದು ನನ್ನ ಕೆಲಸ. ಮೊದಲ ಸಲ ದೋಣಿ ಹತ್ತಿದಾಗ ಸಮುದ್ರದಿಂದ ತಂದದ್ದಕ್ಕಿಂತ ಸಮುದ್ರಕ್ಕೆ ಕೊಟ್ಟದ್ದೇ ಹೆಚ್ಚು. ಬೆಳಗಿನ ನಾಷ್ಟಾ ಪೂರ್ತಿ.

ಅಲ್ಲಿನ ವಿಜ್ಞಾನಿ ಶಾಹಿದಾ ಮೇಡಂ. ಊರು ಯಾವುದೆಂದು ಕೇಳಿದರೆ ಹುಮನಾಬಾದ್! ಕಡಲಿನ ಗಾಳಿಯೂ ಸುಳಿಯದ ನಾಡಿನ ಇಬ್ಬರು ಕಡಲಿನ ಲೆಕ್ಕ ಇಡಲು ಕೂತಿದ್ದೆವು.

ಕೆಲಸದ ರೀತಿ ಕೇಳಿ. ಹಿಂದೆ ದೊಡ್ಡ ದೇಶಗಳು ಸಿಡಿಸಿ ನೋಡಿದ ಅಣುಬಾಂಬುಗಳಿಂದ ಉದುರಿದ ಸೀಸಿಯಮ್ ಎಂಬ ವಿಕಿರಣ ವಸ್ತು ಇಂದಿಗೂ ಲೋಕದ ಎಲ್ಲ ಸಮುದ್ರಗಳಲ್ಲೂ ಇದೆ, ಆದರೆ ಡ್ರಮ್ಮು ತುಂಬ ನೀರಿನಲ್ಲಿ ಎಳ್ಳಿನಷ್ಟೂ ಸಿಗದು. ಡ್ರಮ್ಮಿನ ನೀರಿಗೆ ಒಂದು ಹಳದಿ ಪುಡಿ ಹಾಕಿದರೆ ಅದು ಸೀಸಿಯಮ್ಮನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಮೇಲಿನ ನೀರು ಬಸಿದು, ಆ ಹಳದಿ ಕೆಸರನ್ನು ಒಣಗಿಸಿ, ದಪ್ಪ ಸೀಸದ ಪೆಟ್ಟಿಗೆಯೊಳಗಿನ ಯಂತ್ರಕ್ಕೆ ಒಪ್ಪಿಸಬೇಕು. ಕೆಸರಿನಿಂದ ಹೊರಡುವ ಕಿರಣಗಳನ್ನು ಯಂತ್ರ ದಿನಗಟ್ಟಲೆ ಎಣಿಸುತ್ತದೆ.

ವರ್ಷಕ್ಕೊಮ್ಮೆ ನಮಗೇ ಪರೀಕ್ಷೆ. ಹೊರದೇಶದಿಂದ ಮೊಹರು ಮಾಡಿದ ಕ್ಯಾನುಗಳಲ್ಲಿ ನೀರು ಬರುತ್ತಿತ್ತು. ಅದರಲ್ಲಿ ಎಷ್ಟಿದೆ ಎಂದು ಕಳಿಸಿದವರಿಗೆ ಗೊತ್ತು, ನಾವು ಕಂಡುಹಿಡಿದು ಹೇಳಬೇಕು. ಮೊದಲ ವರ್ಷ ಫೇಲಾದೆವು. ಇನ್ನೊಮ್ಮೆ ಫೇಲಾದರೆ ಯಂತ್ರ ಮುಂಬೈಗೆ ಹೋಗುತ್ತದೆ, ನೀವು ನೀರು ತುಂಬಿ ಕಳಿಸಿಕೊಂಡಿರಿ ಎಂದು ಮೇಲಿನ ಕಚೇರಿಯಿಂದ ಪತ್ರ ಬಂತು. ಮೇಡಂ ಆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡರು. ನಾನು ನನ್ನ ಪಾಲಿನದು ಮಾಡಿದೆ: ಡ್ರಮ್ಮುಗಳನ್ನು ಮೊದಲಿಗಿಂತ ಜೋರಾಗಿ ತಿಕ್ಕತೊಡಗಿದೆ.

ಎರಡನೇ ವರ್ಷದ ಕ್ಯಾನುಗಳು ಬಂದವು. ಅವುಗಳ ಮೊಹರು ಒಡೆಯುವ ಮೊದಲು ಮೇಡಂ ಏನೂ ಇಲ್ಲದ ಶುದ್ಧ ನೀರನ್ನು ಅದೇ ಡ್ರಮ್ಮಿನಲ್ಲಿ ಹಾಕಿ ಅಳೆದರು. ಬರಬೇಕಾದದ್ದು ಸೊನ್ನೆ. ಬಂದದ್ದು ಸೀಸಿಯಮ್! ಪುಡಿ ಬದಲಿಸಿದರು, ನೀರು ಬದಲಿಸಿದರು, ಯಂತ್ರ ಬಿಚ್ಚಿ ಜೋಡಿಸಿದರು. ಊಹೂಂ. ಅಷ್ಟರಲ್ಲಿ ರಂಜಾನ್ ಹಬ್ಬ ಬಂತು. ಇಬ್ಬರೂ ಮುಖ ಸಣ್ಣದು ಮಾಡಿಕೊಂಡು ಊರಿಗೆ ಬಂದೆವು.

ಹಬ್ಬದ ಮರುದಿನ ಹುಮನಾಬಾದಿನ ಅವರ ಮನೆಗೆ ಹೋದೆ. ಮೇಡಂ ಹೊರಸಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದರು. ಅವರ ತಾಯಿ, ಎಲ್ಲರಿಗೂ ಅಮ್ಮಿ, ಅಂಗಳದಲ್ಲಿ ಬಿರಿಯಾನಿಯ ದೊಡ್ಡ ಪಾತ್ರೆ ತಿಕ್ಕುತ್ತಿದ್ದರು.

"ಬಾ ತಮ್ಮಾ. ಇಕಿಗೆ ಏನಾಗ್ಯದ? ಹಬ್ಬದಾಗೂ ಲೆಕ್ಕ ಮಾಡಾಕತ್ತಾಳ."

ಮನೆ ಹೊಗಳಿದರೆ ಮರ್ಯಾದೆ ಎಂದು ನಾನೂ ಒಂದು ಮಾತು ಬಿಟ್ಟೆ: "ಬೂದೀಲೆ ತಿಕ್ಕಿದ್ರ ಹ್ಯಾಂಗ ಫಳಫಳ ಅಂತದ ನೋಡ್ರಿ ಅಮ್ಮಿ, ಥೇಟ್ ನಮ್ಮ ಡ್ರಮ್ಮಿನಂಗ!"

ಹೊರಸಿನ ಮೇಲೆ ಪೆನ್ನು ನಿಂತಿತು. "ಯಾವ ಡ್ರಮ್ಮು, ಅಣ್ಣಾರ?"

"ನಮ್ಮವೇ ರೀ ಮೇಡಂ, ಲ್ಯಾಬಿನವು. ಕ್ವಾರ್ಟರ್ಸ್ ಹಿಂದ ಬಚ್ಚಲ ಒಲಿ ಬೂದಿ ಬೇಕಾದಷ್ಟು ಅದಲ್ರಿ. ಹೋದ ಸಲ ಫೇಲಾದ ಮ್ಯಾಲ ಎರಡೆರಡು ಸಲ ತಿಕ್ಕೀನಿ."

ಮೇಡಂ ಬೈಯುತ್ತಾರೆಂದು ಬಾಗಿಲ ಕಡೆ ನೋಡಿದೆ. ಅವರೋ ಅಮ್ಮಿಯ ಬೂದಿಗೈಯನ್ನೇ ಹಿಡಿದು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮರಗಳು ವರ್ಷಾನುಗಟ್ಟಲೆ ನೆಲದಿಂದ ಹೀರಿದ್ದೆಲ್ಲ ಬೂದಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಅದೇ ಹಳೆಯ ಬಾಂಬುಗಳ ಸೀಸಿಯಮ್ಮೂ ಕೂಡ. ನಾನು ತಿಕ್ಕಿ ತಿಕ್ಕಿ ಗೀರು ಬೀಳಿಸಿದ ಪ್ಲಾಸ್ಟಿಕ್ಕಿನಲ್ಲಿ ಅದು ಮನೆ ಮಾಡಿತ್ತು.

"ಅಣ್ಣಾರ, ಸಮುದ್ರ ಬಿಟ್ಟು ನಿಮ್ಮ ಬಚ್ಚಲ ಒಲಿ ಅಳ್ಯಾಕತ್ತಿದ್ವಿ ನಾವು!"

ಹೊಸ ಡ್ರಮ್ಮು ಬಂದವು. ಶುದ್ಧ ನೀರು ಸೊನ್ನೆ ತೋರಿಸಿತು. ಆಗ ಕ್ಯಾನಿನ ಮೊಹರು ಒಡೆದೆವು. ಉತ್ತರ ಕಳಿಸಿ ಎರಡು ತಿಂಗಳು ಕಾದೆವು. ಪತ್ರ ಬಂದ ದಿನ ಮೇಡಂ ಓದಲಾರದೆ ನನ್ನ ಕೈಗೆ ಕೊಟ್ಟರು. ಎರಡು ಅಂಕಿಗಳು ಅಕ್ಕಪಕ್ಕ ನಿಂತಿದ್ದವು, ಅವರದು ಮತ್ತು ನಮ್ಮದು. ನಡುವೆ ಕೂದಲೆಳೆಯಷ್ಟು ಅಂತರ. ಪಾಸು! ಯಂತ್ರ ನಮ್ಮಲ್ಲೇ ಉಳಿಯಿತು. ಹುಮನಾಬಾದಿನ ಹೆಣ್ಣುಮಗಳ ಸಹಿಯಿಂದಲೇ ಕರಾವಳಿಯ ವರದಿ ಹೊರಡತೊಡಗಿತು.

ಬೀಗರ ಚಹಾ ಆರಿಹೋಗಿತ್ತು. "ಅಲ್ರೀ, ಇದನ್ನ ಇಷ್ಟು ವರ್ಷ ಹೇಳೇ ಇಲ್ಲಲ್ಲ!" ಎಂದರು.

"ಅಮ್ಮೀಗಿ ಗೊತ್ತಾತೇನ್ರಿ, ಪಾಸಾಗಿದ್ದು?" ಎಂದ ಖಾಜಾಭಾಯಿ.

ಗೊತ್ತಾಯಿತು. ಪಾಸಾದ ಮರುತಿಂಗಳೇ ಮೇಡಂ ಅಮ್ಮಿಯನ್ನು ಕರಾವಳಿಗೆ ಕರೆತಂದರು. ಅಮ್ಮಿ ಅಲ್ಲಿಯವರೆಗೆ ಸಮುದ್ರ ಕಂಡವರಲ್ಲ. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು.

"ಇದಿಷ್ಟೂ ನೀವಿಬ್ರೇ ಅಳ್ದೀರೇನ?"

"ಹೌದು ಅಮ್ಮಿ," ಎಂದರು ಮೇಡಂ.

ಅಮ್ಮಿ ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟು, ಮಗಳ ತೋಳು ಹಿಡಿದು, ಇನ್ನೂ ನಾಲ್ಕು ಹೆಜ್ಜೆ ನೀರಿನೊಳಗೆ ನಡೆದರು.