ಸೋಮನೂರಿನ ಸೊಸೆ ಕೇಳಿದ ಬಿಡುವು

೧೯೮೬ರಲ್ಲಿ ನಾನು ಕೊಯಮತ್ತೂರಿನ ಒಂದು ಧರ್ಮಸಂಸ್ಥೆಯ ಆಸ್ಪತ್ರೆಯಲ್ಲಿ ಮೆಡಿಕಲ್ ಸೋಷಿಯಲ್ ವರ್ಕರ್ ಆಗಿದ್ದೆ. ಅಂದರೆ ಏನು ಕೆಲಸ ಎಂದು ಮನೆಯವರಿಗೇ ಬಿಡಿಸಿ ಹೇಳಬೇಕಾಗುತ್ತಿತ್ತು. ಡಾಕ್ಟರ ಚಿಕಿತ್ಸೆ ಮುಗಿದ ಮೇಲೆ ರೋಗಿ ಎಲ್ಲಿಗೆ ಹೋಗಬೇಕು, ಅಲ್ಲಿ ಯಾರು ನೋಡಿಕೊಳ್ಳುತ್ತಾರೆ, ಹೇಗೆ ನೋಡಿಕೊಳ್ಳುತ್ತಾರೆ ಎಂದು ವಿಚಾರಿಸಿ ದಾರಿ ಮಾಡಿಕೊಡುವುದು. ದಾರಿ ಇದ್ದರೆ ಮಾಡಿಕೊಡಬಹುದು. ಇಲ್ಲದಿದ್ದಾಗ, ಇಲ್ಲ ಎಂದು ಹೇಳುವುದೂ ನನ್ನ ಕೆಲಸವೇ ಆಗಿತ್ತು. ವರ್ಷಗಳು ಕಳೆದಂತೆ ಆ ಎರಡನೆಯದೇ ಹೆಚ್ಚಾಯಿತು.

ಆ ವರ್ಷ ಬೇಸಿಗೆಯಲ್ಲಿ ಹತ್ತಿರದ ನೇಕಾರರ ಊರಾದ ಸೋಮನೂರಿನಿಂದ ನಂಜಮ್ಮ ಎಂಬ ಮುದುಕಿಯನ್ನು ಕರೆತಂದರು. ಮೂರು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು, ಬುದ್ಧಿ ಮಾತ್ರ ಚುರುಕಾಗಿತ್ತು. ಸೊಂಟದ ಕೆಳಗೆ ಬೆಡ್‌ಸೋರ್ ಆಗಿತ್ತು; ಮಲಗಿದಲ್ಲೇ ಮಲಗಿ ಚರ್ಮ ಒಡೆದು ಆಗುವ ಹುಣ್ಣು ಅದು. ಅದನ್ನು ತೊಳೆದು ಕಟ್ಟುತ್ತ ನಮ್ಮ ಡಾಕ್ಟರು, "ಮೂರು ವರ್ಷಕ್ಕೆ ಇದೇ ಮೊದಲನೆಯದು ಅಂದರೆ ಮನೆಯಲ್ಲಿ ಯಾರೋ ಚೆನ್ನಾಗಿ ನೋಡಿಕೊಂಡಿದ್ದಾರೆ" ಎಂದರು.

ಆ ಯಾರೋ, ನಂಜಮ್ಮನ ಸೊಸೆ ಸರಸ್ವತಿ. ಹುಣ್ಣು ಒಣಗಿ, ಮರುದಿನ ಮನೆಗೆ ಕಳಿಸುವುದೆಂದು ನಿರ್ಧಾರವಾದಾಗ ಅವಳು ನನ್ನ ಕೋಣೆಗೆ ಬಂದಳು. ಬಾಗಿಲು ತಾನೇ ಮುಂದೆ ಮಾಡಿದಳು. ನಾನೂ ಮನೆಯಲ್ಲಿ ಕನ್ನಡ ಮಾತಾಡುವವಳೆಂದು ವಾರ್ಡಿನಲ್ಲಿ ಕೇಳಿ ತಿಳಿದಿದ್ದಳು.

"ಅಕ್ಕಾ, ಅತ್ತೇನ ಇನ್ನೊಂದು ಹದಿನೈದು ದಿವಸ ಇಲ್ಲೇ ಮಡಿಕ್ಕೊಳ್ಳಿ."

"ಯಾಕಮ್ಮ? ಹುಣ್ಣು ವಾಸಿಯಾಗಿದೆಯಲ್ಲ?"

"ಅವರಿಗಲ್ಲ ಅಕ್ಕಾ, ನನಗೆ. ತೂಕ್ಕ ಇಲ್ಲೆ. ನಿದ್ದೆ ಮಾಡಬೇಕು. ಅಷ್ಟೇ."

ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಇದ್ದವು. ಗಂಡ ಪಳನಿಸ್ವಾಮಿ ಮತ್ತು ಇವಳು, ಇಬ್ಬರೇ ಓಡಿಸುವವರು. ಕರೆಂಟು ಬಂದಾಗ ನೇಯಬೇಕು, ಹೋದಾಗ ಅಡಿಗೆ, ಒಗೆತ. ಇದರ ನಡುವೆ ಎರಡು ಗಂಟೆಗೊಮ್ಮೆ ಅತ್ತೆಯನ್ನು ಮಗ್ಗುಲು ತಿರುಗಿಸಬೇಕು, ಒರೆಸಬೇಕು, ಬಟ್ಟೆ ಬದಲಿಸಬೇಕು. ಲೂಮಿನ ಸದ್ದಿಗೆ ಕೂಗಿದರೂ ಕೇಳುವುದಿಲ್ಲವೆಂದು ಅತ್ತೆಯ ಎಡಗೈಗೆ ಸಿಗುವ ಹಾಗೆ ಒಂದು ಹಗ್ಗ ಕಟ್ಟಿದ್ದಳಂತೆ. ಅದನ್ನು ಎಳೆದರೆ ಶೆಡ್ಡಿನ ಕಿಟಕಿಯಲ್ಲಿ ಒಂದು ಕೆಂಪು ಬಟ್ಟೆ ಮೇಲೇಳುತ್ತಿತ್ತು. "ಒಂದು ಕಣ್ಣು ತರಿ ಮೇಲೆ, ಒಂದು ಕಣ್ಣು ಬಟ್ಟೆ ಮೇಲೆ" ಎಂದಳು. ತರಿ ಎಂದರೆ ಮಗ್ಗ. ದೂರುವ ದನಿ ಇರಲಿಲ್ಲ. ಬಸ್ಸಿನ ದಾರಿ ಹೇಳುವವರ ಹಾಗೆ ಹೇಳುತ್ತಿದ್ದಳು.

ಸೂಪರಿಂಟೆಂಡೆಂಟರ ಬಳಿಗೆ ಹೋದೆ. ಅವರು ಕೆಟ್ಟವರಾಗಿರಲಿಲ್ಲ. ನನ್ನ ಮಾತು ಪೂರ್ತಿ ಕೇಳಿ, ಎದ್ದು, ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋದರು. ಚಾಪೆಗಳ ಮೇಲೆ ರೋಗಿಗಳು ಸಾಲಾಗಿ ಮಲಗಿದ್ದರು. ಒಬ್ಬ ಗರ್ಭಿಣಿ ಗೋಡೆಗೊರಗಿ ಕುಳಿತಿದ್ದಳು.

"ಇವರಲ್ಲಿ ಯಾರಿಗೆ ಮಂಚ ಇಲ್ಲ ಅನ್ನಲಿ? ನೀವೇ ತೋರಿಸಿ" ಎಂದರು.

ವೃದ್ಧಾಶ್ರಮಗಳನ್ನು ವಿಚಾರಿಸಿದೆ. ಆಗ ಇದ್ದವೇ ಕೆಲವು. ಒಂದು ಕಡೆ, ತಾವೇ ಎದ್ದು ಓಡಾಡುವವರನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದರು. ಇನ್ನೊಂದು ಕಡೆ, ಮಗನಿದ್ದಾನಲ್ಲ, ನಮ್ಮದು ದಿಕ್ಕಿಲ್ಲದವರಿಗೆ ಎಂದರು. ಸರ್ಕಾರದಲ್ಲಿ ನನಗೆ ಗೊತ್ತಿದ್ದ ಸಹಾಯವೂ ಯಾರೂ ಇಲ್ಲದವರಿಗಾಗಿಯೇ ಇತ್ತು. ನಂಜಮ್ಮನಿಗೆ ಮಗ ಇದ್ದ, ಸೊಸೆ ಇದ್ದಳು. ಆದ್ದರಿಂದ ಅವಳಿಗೆ ಏನೂ ಇರಲಿಲ್ಲ.

ಸರಸ್ವತಿಗೆ ಆಗುವುದಿಲ್ಲ ಎಂದೆ. "ಸರಿಂಗ ಅಕ್ಕಾ. ಕೇಳಿ ನೋಡಿದೆ ಅಷ್ಟೇ" ಎಂದು ಅತ್ತೆಯ ತಲೆ ಬಾಚಲು ಹೊರಟುಹೋದಳು. ಮರುದಿನ ಒಂದು ವ್ಯಾನಿನಲ್ಲಿ ಊರಿಗೆ ಕರೆದುಕೊಂಡು ಹೋದರು.

ತಿಂಗಳು ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಕ್ಯಾಷುವಾಲ್ಟಿಯಿಂದ ಕರೆ ಬಂತು. ಪವರ್‌ಲೂಮಿನ ಹಲ್ಲುಚಕ್ರಕ್ಕೆ ಕೈ ಸಿಕ್ಕಿದ ಕೇಸು, ನಿಮ್ಮನ್ನು ಕೇಳುತ್ತಿದ್ದಾರೆ ಎಂದರು. ಹೋಗಿ ನೋಡಿದರೆ ಸರಸ್ವತಿ. ಎಡಗೈಗೆ ಸುತ್ತಿದ್ದ ಸೀರೆಯ ತುಂಡು ರಕ್ತದಲ್ಲಿ ತೊಯ್ದು ಕಪ್ಪಾಗಿತ್ತು. ಮುಖದಲ್ಲಿ ನೋವಿಗಿಂತ ನಾಚಿಕೆ ಹೆಚ್ಚಾಗಿ ಕಾಣುತ್ತಿತ್ತು.

"ನಿಂತ ಹಾಗೇ ನಿದ್ದೆ ಹತ್ತಿಬಿಡ್ತು ಅಕ್ಕಾ" ಎಂದಳು.

ಒಂದು ಬೆರಳು ಹೋಯಿತು. ಇನ್ನೆರಡು ಉಳಿದವು, ಆದರೆ ಮಡಚಲು ಬಾರದಂತಾದವು. ಆಪರೇಷನ್ ಆದ ಮೇಲೆ ಅವಳು ಮಲಗಿದಳು ನೋಡಿ, ಊಟಕ್ಕೆ ಎಬ್ಬಿಸಿದರೆ ಎರಡು ತುತ್ತು ತಿಂದು ಮತ್ತೆ ಮಲಗುತ್ತಿದ್ದಳು. ಇನ್ನೂ ಅರಿವಳಿಕೆಯ ಮತ್ತು ಇಳಿದಿಲ್ಲವೇ ಎಂದು ನರ್ಸ್ ಗಾಬರಿಯಾಗಿ ಡಾಕ್ಟರನ್ನು ಕರೆಸಿದಳು. ಅವರು ನಾಡಿ ಹಿಡಿದು, ರಕ್ತದೊತ್ತಡ ನೋಡಿ, "ನಿದ್ದೆ, ಬೇರೇನಲ್ಲ" ಎಂದು ಹೊರಟರು. ಆಸ್ಪತ್ರೆ ಕೊಡಲಾಗದಿದ್ದ ಮಂಚವನ್ನು ಅವಳು ಈ ರೀತಿ ಪಡೆದಿದ್ದಳು.

ಅವಳಿಗೆ ಪೂರ್ತಿ ಎಚ್ಚರವಾದಾಗ ಕೇಳಿದ ಮೊದಲ ಮಾತು, "ಅತ್ತೇನ ಯಾರು ತಿರುಗಿಸ್ತಿದ್ದಾರೆ?" ಅದನ್ನು ನೋಡಿಬರಲು ಟೌನ್ ಬಸ್ ಹಿಡಿದು ಸೋಮನೂರಿಗೆ ಹೋದೆ. ಬೀದಿಯ ಎಲ್ಲ ಮನೆಗಳಿಂದ ಲೂಮಿನ ಸದ್ದು ಬರುತ್ತಿತ್ತು. ಪಳನಿಸ್ವಾಮಿಯ ಶೆಡ್ಡು ಮಾತ್ರ ಸುಮ್ಮನಿತ್ತು. ಅವನು ಮಂಡಿಯೂರಿ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದ. ಗಡ್ಡ ಬೆಳೆದಿತ್ತು.

"ಅವಳು ಇಷ್ಟೆಲ್ಲ ಮಾಡ್ತಿದ್ಲು ಅಂತ ಗೊತ್ತು ಅಮ್ಮಾ. ಆದ್ರೆ ಇಷ್ಟು ಭಾರ ಅಂತ ಗೊತ್ತಿರಲಿಲ್ಲೆ" ಎಂದು ನನಗೆ ಹೇಳುತ್ತ ಬೆನ್ನು ಹಿಡಿದುಕೊಂಡು ಎದ್ದ.

ನಂಜಮ್ಮ ಎಡಗೈಯಿಂದ ಮುಖ ಮುಚ್ಚಿಕೊಂಡಿದ್ದಳು. ಮಗನ ಕೈಯಲ್ಲಿ ಮೈ ತೊಳೆಸಿಕೊಳ್ಳುವ ಸಂಕಟ. ಪಕ್ಕದಲ್ಲಿ ಕುಳಿತು ನಿಧಾನವಾಗಿ ಕೇಳಿದೆ, "ಅಜ್ಜೀ, ನಿಮಗೆ ಬೇರೆ ಯಾರಿದ್ದಾರೆ?"

"ಮಗಳು. ಆನೈಮಲೈಲಿ." ಒಂದೊಂದು ಪದಕ್ಕೂ ಬಾಯಿ ಸೊಟ್ಟಗಾಗುತ್ತಿತ್ತು. ಮಗಳು ರುಕ್ಮಿಣಿಯನ್ನು ತೆಂಗಿನ ತೋಟದವರಿಗೆ ಕೊಟ್ಟಿದ್ದರು. ಮನೆಯಲ್ಲಿ ಕೆಲಸಕ್ಕೆ ಜನರಿದ್ದರು.

"ಅವರು ಕರೆಯಲಿಲ್ಲವೇ?"

"ಕರೆದಳು. ನಾನೇ ಬ್ಯಾಡ ಅಂದೆ. ಹೆಣ್ಣು ಕೊಟ್ಟ ಮನೇಲಿ ಹೋಗಿ ಬೀಳಾದಾ? ಊರು ಏನಂತದೆ?"

ಇದು ಪಳನಿಸ್ವಾಮಿಗೆ ಗೊತ್ತಿತ್ತು. ಅವನಿಗೂ ಅದೇ ಮಾನದ ಪ್ರಶ್ನೆ: ಗಂಡುಮಗನಿದ್ದೂ ಅಮ್ಮನನ್ನು ಅಳಿಯನ ಮನೆಗೆ ಕಳಿಸಿದ ಎಂದಾರು. ಸರಸ್ವತಿಯೂ ಬಾಯಿಬಿಟ್ಟಿರಲಿಲ್ಲ, ಸೊಸೆ ಅಂಥ ಮಾತೆತ್ತಿದರೆ ಅತ್ತೆಯನ್ನು ಸಾಗಹಾಕಿದಳು ಎಂದಾಗುತ್ತಿತ್ತು. ಹೀಗೆ ಮೂವರೂ ಮೂರು ವರ್ಷ ಸುಮ್ಮನಿದ್ದರು.

ನಾನು ಉಪದೇಶ ಮಾಡಲಿಲ್ಲ. ಸರಸ್ವತಿಯ ಕೈ ಹೇಗಿದೆ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ನಿಂತಲ್ಲೇ ನಿದ್ದೆಹೋದದ್ದನ್ನೂ ಹೇಳಿದೆ. ನಂಜಮ್ಮ ಮಗನ ಕಡೆ ತಿರುಗಿದಳು.

"ಪಳನೀ, ನಿಮ್ಮಕ್ಕನ ಹತ್ರ ಆಳು ಕಳಿಸು. ನಾ ಹೋಗ್ತೀನಿ."

"ಅಮ್ಮಾ, ಊರಲ್ಲಿ..."

"ಊರು ಬಂದು ತಿರುಗಿಸ್ತದಾ ನನ್ನ?"

ರುಕ್ಮಿಣಿ ಎರಡನೆಯ ದಿನವೇ ಗಂಡನೊಡನೆ ಕಾರು ಮಾಡಿಕೊಂಡು ಬಂದಳು. ಹೊರಡುವಾಗ ನಂಜಮ್ಮ ಹಟ ಹಿಡಿದು ಆಸ್ಪತ್ರೆಯ ದಾರಿಯಲ್ಲಿ ಬಂದಳು. ಕಾರು ಮೆಟ್ಟಿಲ ಬಳಿ ನಿಂತಿತು. ಸರಸ್ವತಿ ಬ್ಯಾಂಡೇಜಿನ ಕೈ ಎದೆಗಾನಿಸಿ ಇಳಿದುಬಂದಳು. ಎಡಮಗ್ಗುಲಲ್ಲಿ ಹೆಚ್ಚು ಹೊತ್ತು ಮಲಗಿಸಿದರೆ ನೋವಾಗುತ್ತದೆ, ಕಾಲ ನಡುವೆ ದಿಂಬು ಇಡಬೇಕು ಎಂದು ಸರಸ್ವತಿ ರುಕ್ಮಿಣಿಗೆ ಹೇಳಿದಳು. ನಂಜಮ್ಮ, "ನೀ ಮಲಗು ಹೋಗು" ಎಂದಳು. ಕಾರು ಹೋದ ಮೇಲೆ ಸರಸ್ವತಿ ಮೆಟ್ಟಿಲ ಮೇಲೆ ಕುಳಿತು ಅತ್ತಳು.

ಅಲ್ಲಿಂದ ಮುಂದೆ ನಂಜಮ್ಮ ಕೆಲವು ತಿಂಗಳು ಮಗಳ ಮನೆ, ಕೆಲವು ತಿಂಗಳು ಮಗನ ಮನೆ ಎಂದು ಇದ್ದು, ಎರಡು ವರ್ಷದ ಮೇಲೆ ಸೋಮನೂರಿನಲ್ಲೇ ತೀರಿಕೊಂಡಳು. ಪಳನಿಸ್ವಾಮಿ ಎರಡು ಲೂಮುಗಳನ್ನು ಮಾರಿ, ಉಳಿದ ಎರಡನ್ನು ನಡೆಸಿದ. ಅಮ್ಮನನ್ನು ತಿರುಗಿಸುವ ಕೆಲಸದಲ್ಲಿ ಅವನೂ ಪಾಲುಗೊಂಡನೆಂದು ಸರಸ್ವತಿ ಡ್ರೆಸ್ಸಿಂಗಿಗೆ ಬಂದಾಗ ಹೇಳಿದಳು. ಅವಳ ಬೆರಳುಗಳು ಮಾತ್ರ ಕೊನೆಗೂ ಮಡಚಲಿಲ್ಲ.

ಮನೆಯಲ್ಲಿ ನೋಡಿಕೊಳ್ಳುವವರಿಗೆ ಬಿಡುವು ಸಿಗಲೆಂದು ಎರಡು ಮಂಚ ಬೇರೆಯಾಗಿ ಇಡಬೇಕೆಂದು ನಾನು ಆಡಳಿತದವರನ್ನು ಕೇಳುತ್ತಲೇ ಬಂದೆ. ವರಾಂಡದಲ್ಲಿ ಚಾಪೆಗಳು ಕಡಿಮೆಯಾಗಲಿಲ್ಲ, ಆ ಮಂಚಗಳು ಬರಲಿಲ್ಲ. ನಾನು ನಿವೃತ್ತಳಾದೆ. ಈಗ ವೃದ್ಧರ ಬಗ್ಗೆ ಸಭೆಗಳು ನಡೆಯುತ್ತವೆ, ನನ್ನನ್ನೂ ಕರೆಯುತ್ತಾರೆ. ಪ್ರತಿ ಸಭೆಯಲ್ಲೂ ಯಾರಾದರೊಬ್ಬರು, ನಮ್ಮಲ್ಲಿ ಕುಟುಂಬ ನೋಡಿಕೊಳ್ಳುತ್ತದೆ, ಅದೇ ನಮ್ಮ ಬಲ ಎನ್ನುತ್ತಾರೆ. ನಾನು ವಾದಕ್ಕೆ ಇಳಿಯುವುದಿಲ್ಲ. ಅಷ್ಟು ಶಕ್ತಿ ಉಳಿದಿಲ್ಲ. ಅವರು ಕುಟುಂಬ ಎಂದಾಗ, ಆ ಮನೆಯಲ್ಲಿ ಎತ್ತಿ ಮಲಗಿಸುವ ಒಬ್ಬಳ ಹೆಸರೇನು, ಅವಳು ನಿದ್ದೆ ಮಾಡಿ ಎಷ್ಟು ದಿನವಾಯಿತು ಎಂದು ಮಾತ್ರ ಕೇಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಅದೊಂದು ಪ್ರಶ್ನೆ. ಇಲ್ಲಿಯವರೆಗೆ ಸಭೆಯಲ್ಲಿ ಯಾರೂ ಹೆಸರು ಹೇಳಿದ್ದಿಲ್ಲ.