ಮಡುವಿಗೆ ತೋಟೆ ಎಸೆದವರು

ಅಪ್ಪ ಊಟಿಯ ಹತ್ತಿರದ ಒಂದು ಚಹಾ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿನ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯುವುದನ್ನು ಕಲಿತಿದ್ದರು. ಗಾಳಕ್ಕೆ ಎರೆಹುಳು ಸಿಕ್ಕಿಸುವ ಪದ್ಧತಿಯಲ್ಲ ಅದು. ಕೋಳಿಗರಿಯ ಎಳೆಗಳನ್ನು ದಾರದಿಂದ ಕೊಕ್ಕೆಗೆ ಸುತ್ತಿ ನೊಣದ ಹಾಗೆ ಮಾಡಿ, ಉದ್ದನೆಯ ಕೋಲು ಬೀಸಿ ನೀರಿನ ಮೇಲೆ ಇಳಿಸಬೇಕು. ನಿಜವಾದ ಹುಳವೇ ಬಿತ್ತೆಂದು ಮೀನು ಬಾಯಿ ಹಾಕಬೇಕು.

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ ರಜೆಯಲ್ಲಿ, ಅಮ್ಮನ ತವರು ಹೆಮ್ಮಿಗೆಗೆ ಹೊರಟಾಗ ಅಪ್ಪ ಆ ಕೋಲನ್ನೂ ಜೊತೆಗೆ ತಂದರು. ನಂಜನಗೂಡಿನಲ್ಲಿ ಬಸ್ಸು ಬದಲಿಸುವಾಗ ಅಮ್ಮ ನಕ್ಕರು.

"ಕಾವೇರೀಲಿ ಟ್ರೌಟ್ ಎಲ್ಲಿಂದ ಬರ್ಬೇಕು?"

"ಬಿಳಿಮೀನು ಇದೆಯಲ್ಲ, ನೋಡೋಣ" ಎಂದರು ಅಪ್ಪ.

ಊರಿನ ಕೆಳಗೆ ಬಂಡೆಗಳ ನಡುವೆ ಆಳವಾದ ಮಡುವಿತ್ತು. ಅಪ್ಪ ದಿನಾ ಬೆಳಗ್ಗೆ ಮೊಣಕಾಲುದ್ದದ ನೀರಿನಲ್ಲಿ ನಿಂತು ಕೋಲು ಬೀಸುತ್ತಿದ್ದರು. ಬಟ್ಟೆ ಒಗೆಯುವ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಕೊನೆಗೊಂದು ದಿನ ದಾರ ಬಿಗಿಯಿತು. ಮೊಳದುದ್ದದ ಬಿಳಿಮೀನು. ಅಪ್ಪ ಕೊಕ್ಕೆ ಬಿಡಿಸಿ, ಅದರ ಬೆನ್ನನ್ನು ನನಗೆ ಮುಟ್ಟಲು ಕೊಟ್ಟು, ಮತ್ತೆ ನೀರಿಗೇ ಬಿಟ್ಟರು. "ಮೊಟ್ಟೆ ಇದೆ ಕಣೇ ಹೊಟ್ಟೇಲಿ" ಅಂದರು.

ಅದೇ ವಾರ ನಾನೂ ಅಪ್ಪನೂ ಮಡುವಿನ ದಡದಲ್ಲಿದ್ದಾಗ ಜೀಪೊಂದು ಬಂತು. ಆ ಭಾಗದ ಹೊಳೆಯ ಮೀನಿನ ಗುತ್ತಿಗೆ ಹಿಡಿದಿದ್ದ ಕಂಟ್ರಾಕ್ಟರ್ ಮತ್ತು ಅವನ ಆಳುಗಳು. ಒಬ್ಬ ಆಳು ಬೀಡಿಯ ಕೆಂಡದಿಂದ ಬತ್ತಿ ಹೊತ್ತಿಸಿ, ಬಂಡೆ ಸಿಡಿಸುವ ತೋಟೆಯನ್ನು ಮಡುವಿಗೆ ಎಸೆದ. ಕಾಲಡಿಯ ನೆಲ ಅದುರಿತು. ಮೀನುಗಳು ಹೊಟ್ಟೆ ಮೇಲಾಗಿ ತೇಲತೊಡಗಿದವು. ದೊಡ್ಡವನ್ನು ಆರಿಸಿ ಗೋಣಿಚೀಲಕ್ಕೆ ತುಂಬಿಕೊಂಡರು. ಬೆರಳುದ್ದದ ಮರಿಗಳನ್ನು ಕೊಳೆಯಲು ಬಿಟ್ಟರು.

"ಇಂಥಾ ಕೆಲಸ ಮಾಡ್ಬಾರ್ದು ಕಣ್ರೀ, ಕಾನೂನಿಗೂ ವಿರುದ್ಧ. ಮರಿಗಳೆಲ್ಲ ಸತ್ತವಲ್ಲ" ಎಂದರು ಅಪ್ಪ.

ಕಂಟ್ರಾಕ್ಟರ್ ಅಪ್ಪನ ಕೈಯಲ್ಲಿದ್ದ ಕೋಲನ್ನು ನೋಡಿದ. "ಗುತ್ತಿಗೆ ನಂದು ಸಾ. ನನ್ ಮೀನಿಗೆ ಗಾಳ ಆಕೋಕೆ ನೀವ್ಯಾರು? ಇದು ಕಳ್ತನ." ಆಳಿನ ಕಡೆ ತಿರುಗಿ, "ಕಿತ್ಕೊಳ್ಲಾ ಅದ್ನ" ಅಂದ.

ಕೋಲು ಜೀಪಿನಲ್ಲಿ ಹೋಯಿತು. ಹಿಡಿದ ಮೀನನ್ನು ಹೊಳೆಗೇ ಬಿಟ್ಟವರು ಕಳ್ಳರಂತೆ, ಹೊಳೆಯನ್ನೇ ಸಿಡಿಸಿದವನು ಯಜಮಾನನಂತೆ. ನೋಡುತ್ತಿದ್ದ ಹೆಂಗಸರು ಒಗೆದ ಬಟ್ಟೆ ಎತ್ತಿಕೊಂಡು ದಡ ಹತ್ತಿದರು.

ಮನೆಯಲ್ಲಿ ಸೋದರಮಾವ, "ಓಗ್ಲಿ ಬುಡಿ ಭಾವ, ಅವನ ತಂಟೆ ನಮಗ್ಯಾಕೆ" ಎಂದರು.

"ಯಾಕೆ ಓಗ್ಲಿ?" ಎಂದರು ಅಮ್ಮ. ಸಿಟ್ಟು ಬಂದರೆ ಅವರಿಗೆ ತವರಿನ ಮಾತೇ ಬರುತ್ತಿತ್ತು. ನನ್ನ ಕೈ ಹಿಡಿದುಕೊಂಡು ನರಸೀಪುರದ ಬಸ್ಸು ಹತ್ತಿದರು.

ಅಲ್ಲಿದ್ದ ಕಂಟ್ರಾಕ್ಟರ್ ಮನೆಯ ಮುಂದೆ ನಿಂತು ಗಟ್ಟಿಯಾಗಿ ಕರೆದರು. ಅವನು ಹೊರಗೆ ಬಂದ.

"ನಮ್ ಯಜಮಾನ್ರನ್ನ ಕಳ್ಳ ಅಂದ್ರಂತೆ. ನಿಮ್ ಬೀದಿಯೋರ ಮುಂದೆ ಇನ್ನೊಂದ್ಸಲ ಅನ್ನಿ. ತೋಟೆ ಯಾರು ಆಕಿದ್ದು ಅಂತ ಆಮೇಲೆ ನಾನ್ ಏಳ್ತೀನಿ."

ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಅವನು ಒಳಗಿನಿಂದ ಕೋಲು ತಂದು ಜಗುಲಿಯ ಮೇಲೆ ಹಾಕಿ, "ತಗೊಂಡೋಗಮ್ಮ, ಗಲಾಟೆ ಬೇಡ" ಅಂದ. ಕೋಲಿನ ತುದಿ ಮುರಿದಿತ್ತು. ತಪ್ಪಾಯಿತು ಎಂಬ ಒಂದು ಮಾತಿಲ್ಲ.

ರಜೆ ಮುಗಿಯುವವರೆಗೂ ಮಡು ನಾರುತ್ತಿತ್ತು. ಅಪ್ಪ ಮತ್ತೆ ಆ ಕಡೆ ಹೋಗಲಿಲ್ಲ. ಮರುವರ್ಷವೂ ಗುತ್ತಿಗೆ ಅವನಿಗೇ ಸಿಕ್ಕಿತೆಂದು ಮಾವ ಹೇಳಿದರು. ನನಗೆ ಇವತ್ತಿಗೂ ಮೈಯುರಿಯುತ್ತದೆ.